ಅತ್ತೆಯ ಲಾರಿ, ಮೂಟೆಯ ನಡುವಿನ ಬೇಳೆ

ನಮ್ಮತ್ತೆ ದೇವರನ್ನೂ ಮೇಲುಮೇಲೆ ನೋಡಿ ನಂಬಿದವರಲ್ಲ! ಗುಡಿಯಲ್ಲಿ ಪುಳಿಯೋಗರೆ ಹಂಚುತ್ತಿದ್ದರೆ ದೊನ್ನೆ ಮುಂದೆ ಹಿಡಿದು, "ಸ್ವಾಮಿ, ಮೇಲಿನದು ಬೇಡ, ಸ್ವಲ್ಪ ತಳದಿಂದ ಕೊಡಿ" ಎನ್ನುತ್ತಾರೆ. ಹಿಂದೆ ಸಾಲಿನಲ್ಲಿ ನಿಂತ ನಾನು ಯಾವ ಕಂಬದ ಮರೆಗೆ ಹೋಗಲಿ, ನೀವೇ ಹೇಳಿ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮಾವನಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇತ್ತು. ಅಲ್ಲಿ ಮೂಟೆಯ ಬಾಯಿ ಬಿಚ್ಚಿ ನೋಡಿ ವ್ಯಾಪಾರ ಮಾಡುವವನು ದಡ್ಡ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿದರೆ ನಡುವಿನ ಕಾಳು ಅಂಗೈಗೆ ಉದುರುತ್ತದೆ. "ಮೇಲಿನ ಬೇಳೆ ತೋರ್ಸೋಕೆ, ನಡುವಿನ ಬೇಳೆ ತಿನ್ನೋಕೆ" ಎಂದು ಮಾವ ಹೇಳುತ್ತಿದ್ದರು. ಅತ್ತೆ ಆ ಮಾತನ್ನು ಬೇಳೆಗೆ ಮಾತ್ರ ಬಿಡಲಿಲ್ಲ, ಅದೇ ನಮ್ಮ ಗ್ರಹಚಾರ.

ನನಗೆ ಹೆಣ್ಣು ನೋಡಲು ಚಾಮರಾಜಪೇಟೆಗೆ ಹೋದಾಗ ಎಲ್ಲರೂ ನಡುಮನೆಯಲ್ಲಿ ಕೇಸರಿಬಾತು ತಿನ್ನುತ್ತಿದ್ದರೆ ಅತ್ತೆ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವಾಕೆಯನ್ನು ವಿಚಾರಿಸಿಕೊಂಡು ಬಂದರು. "ಹುಡುಗಿ ಚಿನ್ನ ಕಣೋ. ಮನೆಕೆಲಸದವಳಿಗೂ ಬಿಸಿ ಊಟಾನೇ ಬಡಿಸ್ತಾಳಂತೆ." ಆದರೆ ಆ ಸಂಬಂಧ ಕೂಡಿಬರಲಿಲ್ಲ. ಅವರೂ ನಮ್ಮ ಹಿತ್ತಲಲ್ಲಿ ವಿಚಾರಿಸಿದ್ದರೋ ಏನೋ!

ಮಾವ ಹೋಗಿ ಮೂರು ವರ್ಷವಾಯಿತು. ಮಂಡಿಯ ಮುಂದೆ ಒಂದು ಮೂಟೆಗೆ ಕೊಳವೆ ಚುಚ್ಚುತ್ತ ನಿಂತಿದ್ದರು. ಲಾರಿ ರಿವರ್ಸ್ ಬಂತು. ಅಷ್ಟೇ. ಅವರ ಜೊತೆ ಆ ಕೊಳವೆಯೂ ಬಾಗಿಹೋಗಿತ್ತು.

ಶಿವಗಣಾರಾಧನೆ ಮುಗಿದ ಕೆಲವು ದಿನಕ್ಕೆ, ಜಾಮೀನಿನ ಮೇಲೆ ಬಿಟ್ಟಿದ್ದ ಆ ಡ್ರೈವರ್, ಅತ್ತೆ ಬಂದು ಸೇರಿದ್ದ ಬಸವನಗುಡಿಯ ನಮ್ಮ ಮನೆಯ ಗೇಟಿಗೆ ಬಂದು ನಿಂತ. ತಲೆ ನರೆತ ಮನುಷ್ಯ. "ಎರಡು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲಮ್ಮ. ಮಾಲೀಕ್ರು ಬಿಡ್ಲಿಲ್ಲ" ಎಂದ. ನಾನು ಕೈ ಎತ್ತಿಕೊಂಡೇ ಹೋದೆ. ಹೊಡೆಯಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ? ಅತ್ತೆ ನನ್ನ ಕೈ ಹಿಡಿದು ಅವನನ್ನು ಕೇಳಿದ್ದು ಒಂದೇ ಮಾತು: "ಈಗ ನಿದ್ದೆ ಬರುತ್ತಾ?"

"ಇಲ್ಲಮ್ಮ."

ಅವನ ಫೋನ್ ನಂಬರ್ ಬರೆದುಕೊಂಡು ಒಳಗೆ ಹೋದರು. ಕೇಸಿಗೆ ಇರಬೇಕು ಎಂದುಕೊಂಡೆವು.

ಮಂಡಿ ಮುಚ್ಚಿತು. ಅತ್ತೆಗೆ ನಲವತ್ತನಾಲ್ಕು, ಅಣ್ಣನ ಮನೆಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಂಡಿಯ ಗೂಡ್ಸ್ ಆಟೋ ಓಡಿಸಿ ಅಭ್ಯಾಸವಿತ್ತು, ಲೈಸೆನ್ಸೂ ಇತ್ತು. ಒಂದು ದಿನ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, "ಲಾರಿ ಕಲೀತೀನಿ" ಎಂದರು. ಹೆಂಗಸರಿಗೂ ಲಾರಿ ಕಂಪನಿಗಳೇ ತಮ್ಮ ಖರ್ಚಿನಲ್ಲಿ ಕಲಿಸುತ್ತವಂತೆ, ಊಟ ವಸತಿ ಅವರದೇ ಅಂತೆ, ಆಮೇಲೆ ಎರಡು ವರ್ಷ ಅವರ ಲಾರಿಯನ್ನೇ ಓಡಿಸಬೇಕಂತೆ. ಕಾರು ಕೊಂಡು ನಾಲ್ಕು ವರ್ಷದಿಂದ ಅದಕ್ಕೆ ಬಟ್ಟೆ ಹೊದಿಸಿಟ್ಟಿರುವ ನನಗೆ ಉಪ್ಪಿಟ್ಟು ನೆತ್ತಿಗೇರಿತು.

"ಬಸವನಗುಡೀಲಿ ನಾನು ತಲೆಯೆತ್ತಿ ಓಡಾಡೋದು ಬೇಡ್ವಾ?" ಎಂದು ಅಪ್ಪ ಗುಡುಗಿದರು.

"ಲಾರೀಲಿ ಕೂತ್ರೆ ತಲೆ ತಾನಾಗೇ ಎತ್ತರದಲ್ಲಿರುತ್ತೆ ಅಣ್ಣ."

ಆಗ ಅಪ್ಪ ಆಡಬಾರದ ಮಾತು ಆಡಿದರು. "ಗಂಡನ್ನ ಕೊಂದ ಸ್ಟೇರಿಂಗೇ ಬೇಕಾ ನಿಂಗೆ?" ಅತ್ತೆ ಎದ್ದು ಕೈ ತೊಳೆದುಕೊಂಡರು. ಮರುದಿನ ಬಾಗಿದ ಕೊಳವೆಯನ್ನು ಬ್ಯಾಗಿಗೆ ಹಾಕಿಕೊಂಡು, "ಕಂಪನಿ ಆರಿಸ್ಬೇಕು, ಬಾರೋ" ಎಂದು ನನ್ನನ್ನು ಎಳೆದುಕೊಂಡು ಹೊರಟರು.

ಮೊದಲ ಕಂಪನಿಯಲ್ಲಿ ಗಾಜಿನ ಬಾಗಿಲು, ಏಸಿ, ಕಾಫಿ. ಗೋಡೆಯ ಟೀವಿಯಲ್ಲಿ ಕಪ್ಪು ಕನ್ನಡಕದ ಹೆಣ್ಣುಮಗಳೊಬ್ಬಳು ಲಾರಿ ಓಡಿಸುತ್ತ ನಗುತ್ತಿದ್ದಳು. ನಾನಂತೂ ಮನಸ್ಸಿನಲ್ಲೇ ಸಹಿ ಹಾಕಿಬಿಟ್ಟಿದ್ದೆ! ಅತ್ತೆ ಕೇಳಿದರು: "ನಿಮ್ಮಲ್ಲಿ ಡ್ರೈವರ್‌ಗಳು ಎಷ್ಟೊತ್ತು ಮಲಗ್ತಾರೆ?"

"ಮೇಡಂ, ನಮ್ಮೋರು ನಿದ್ದೆಗೆಲ್ಲ ಬಗ್ಗೋರೇ ಅಲ್ಲ!" ಎಂದು ಆಫೀಸರ್ ಎದೆ ತಟ್ಟಿಕೊಂಡ.

ಅತ್ತೆ ಅರ್ಧ ಕಾಫಿ ಅಲ್ಲೇ ಇಟ್ಟು, "ಏಳೋ" ಎಂದರು.

ಎರಡನೆಯದು ತುಮಕೂರು ರಸ್ತೆಯ ಕಡೆ, ತಗಡಿನ ಶೆಡ್ಡು. ಇದ್ದ ಒಂದೇ ಕುರ್ಚಿಯ ಮೇಲೆ ನಾಯಿ ಕೂತಿತ್ತು. ಕಲಿಯುವಾಗ ಕೊಡುವ ಕಾಸೂ ಕಡಿಮೆ. ಅತ್ತೆ ಸೀದಾ ಹಿಂದಿನ ಕೋಣೆಗೆ ನಡೆದರು. ಸೂಪರ್‌ವೈಸರ್ ಓಡಿಬಂದ. "ಮೇಡಂ, ಚಪ್ಪಲಿ ಸದ್ದು ಮಾಡ್ಬೇಡಿ, ಮಲಗಿದಾರೆ." ಬೆಳಿಗ್ಗೆ ಹನ್ನೊಂದೂವರೆ! ಒಳಗೆ ಆರು ಡ್ರೈವರ್‌ಗಳ ಗೊರಕೆಗೆ ತಗಡು ನಡುಗುತ್ತಿತ್ತು. ಅಷ್ಟರಲ್ಲಿ ಅವನ ಫೋನಿನಲ್ಲಿ ಯಾವನೋ ವ್ಯಾಪಾರಿ ಕಿರುಚಾಡತೊಡಗಿದ. "ಲೋಡು ಲೇಟಾಗುತ್ತೆ ಸಾರ್. ಡ್ರೈವರ್ ಎದ್ದಿಲ್ಲ. ನಾನು ಎಬ್ಬಿಸಲ್ಲ" ಎಂದು ಇವನು ಫೋನಿಟ್ಟ.

"ಎಲ್ಲಿ ಸಹಿ ಹಾಕ್ಬೇಕು?" ಎಂದರು ಅತ್ತೆ.

"ಅತ್ತೆ, ಅಗ್ರಿಮೆಂಟಾದ್ರೂ ಓದಿ!"

"ನಡುವಿನ ಬೇಳೆ ನೋಡಾಯ್ತಲ್ಲೋ."

ಮುಂದಕ್ಕೆ ಓಡಿಸುವುದನ್ನು ಅತ್ತೆ ವಾರದಲ್ಲಿ ಕಲಿತರು. ರಿವರ್ಸ್ ಬರಲಿಲ್ಲ. ಗೇರಿಗೆ ಕೈ ಹಾಕಿದೊಡನೆ ಇಳಿದು ಹಿಂದೆ ಹೋಗಿ ಚಕ್ರದ ಬಳಿ ಬಗ್ಗಿ ನೋಡಿ ಬರುವರು. ಎರಡಡಿ ಸರಿದು ಮತ್ತೆ ಇಳಿಯುವರು. "ಮೇಡಂ, ಹತ್ತಡಿಗೆ ಐದು ಸಲ ಇಳಿದ್ರೆ ಲೋಡು ಮುಟ್ಟೋದು ಮುಂದಿನ ಜನ್ಮಕ್ಕೆ" ಎಂದರು ಕಲಿಸುವವರು. "ಹಿಂದೆ ಯಾರೂ ಇಲ್ಲ ಅಂತ ನೀವು ಬರ್ಕೊಡ್ತೀರಾ?" ಎಂದರು ಅತ್ತೆ. ರಿವರ್ಸ್ ಆಗದಿದ್ದರೆ ಲೈಸೆನ್ಸಿಲ್ಲ, ಮತ್ತೆ ಅಣ್ಣನ ಮನೆಯ ಮೂಲೆಯೇ ಗತಿ. ಪರೀಕ್ಷೆಯ ದಿನವೂ ಮೂರು ಸಲ ಇಳಿದರು. ಇನ್‌ಸ್ಪೆಕ್ಟರ್ ವಾಚು ನೋಡುತ್ತ ನಿಟ್ಟುಸಿರು ಬಿಟ್ಟರು, ಗಾಡಿ ಗೆರೆ ದಾಟದೆ ನಿಂತಿತು. ಪಾಸು!

ಈಗ ದಿನಾ ನನ್ನ ಆಫೀಸಿಗೆ ಅವರ ಫೋನು. "ಗಾಡಿ ನಿಲ್ಸಿದೀನಿ. ಮಲಗ್ತಿದೀನಿ." ಇದನ್ನು ಹೇಳಲು ಒಂದು ಫೋನೇ? ಸಹೋದ್ಯೋಗಿಗಳು ನಗುತ್ತಾರೆ, ನಾನೂ ರೇಗುತ್ತಿದ್ದೆ.

ಮೊನ್ನೆ ಅವರ ಲಾರಿಗೆ ತರಗುಪೇಟೆಯ ತೊಗರಿಬೇಳೆಯ ಲೋಡು ಬಿತ್ತು. ಆ ಬೀದಿಗೆ ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿ ಕೂತೆ. ಬೆಳಿಗ್ಗೆ ಆರೂವರೆ. ಬೀದಿಯ ತಿರುವಿನಲ್ಲಿ ಅತ್ತೆ ಗಾಡಿ ನಿಲ್ಲಿಸಿ ಯಾರಿಗೋ ಫೋನ್ ಮಾಡಿದರು.

"ನಿದ್ದೆ ಬಂತಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಮೂರು ಗಂಟೆ ಹೊತ್ತು ಬಂತಾ? ಪರವಾಗಿಲ್ಲ. ನಂಗೂ ಬಂತು. ಇಡ್ಲಾ?"

"ಯಾರತ್ತೆ ಅದು?"

"ಅವತ್ತು ಗೇಟಿನ ಹತ್ರ ನಿಂತಿದ್ನಲ್ಲ, ಅವ್ನು" ಎಂದರು. "ಅವ್ನಿಗೂ ಅವತ್ತು ಯಾರಾದ್ರೂ ಮಲ್ಕೋ ಅಂದಿದ್ರೆ ನಿಮ್ಮ ಮಾವ ಇರ್ತಿದ್ರು ಕಣೋ."

ಅವತ್ತು ಅವನ ಮೇಲೆ ಎತ್ತಿದ ನನ್ನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅತ್ತೆ ರಿವರ್ಸ್ ಗೇರು ಹಾಕುವ ಮೊದಲು, ಎಂದಿನಂತೆ, ಹಿಂದೆ ನೋಡಲು ಇಳಿದರು. ನಾನೂ ಇಳಿದು ಅವರ ಜೊತೆ ಹೋದೆ.