ನಗದ ಮಾವ

ದೇವರು ಕೆಲವರಿಗೆ ಹುಟ್ಟುವಾಗಲೇ ನಗುಮುಖ ಕೊಟ್ಟು ಕಳಿಸುತ್ತಾನೆ. ನನ್ನ ಸರದಿ ಬರುವಷ್ಟರಲ್ಲಿ ಆ ಸಾಮಾನು ಮುಗಿದಿತ್ತೆಂದು ಕಾಣುತ್ತದೆ. ನನಗೆ ಯಾರ ಮೇಲೂ ಸಿಟ್ಟಿಲ್ಲ, ಹೊಟ್ಟೆನೋವೂ ಇಲ್ಲ. ಆದರೂ ಸುಮ್ಮನೆ ಕುಳಿತರೆ ಸಾಕು, ಎದುರಿನವರು "ಏನಾಯ್ತು, ಊರಿಂದ ಫೋನ್ ಬಂತಾ?" ಎಂದು ಕೇಳುತ್ತಾರೆ. ನಮ್ಮ ಮದುವೆಯ ಆಲ್ಬಮ್ ನೋಡಿದವರು ಇವತ್ತಿಗೂ ನನ್ನ ಹೆಂಡತಿ ವಸಂತಿಯ ಕಡೆ ಕರುಣೆಯಿಂದ ನೋಡುವುದುಂಟು. ಈ ಮುಖದಿಂದ ನನಗಿದ್ದ ಲಾಭ ಒಂದೇ. ನಮ್ಮ ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಬಂದು "ಸ್ವಲ್ಪ ಸರೀರಿ" ಎಂದು ಅಂಚಿನಲ್ಲಿ ಅರ್ಧ ಕೂರುವುದು ಎಲ್ಲರೂ ಒಪ್ಪಿಕೊಂಡ ಹಕ್ಕು. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಕಳೆದರೂ ನನ್ನನ್ನು ಸರಿಯಲು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಇಂಥ ನನ್ನನ್ನು ಬೇಲಾಪುರದ ಒಂದು ಎಳೆಯ ಹಣಕಾಸು ಕಂಪನಿ ಸ್ನೇಹ ಬೆಳೆಸುವ ಕೆಲಸಕ್ಕೆ ಇಟ್ಟುಕೊಂಡಿತು. ಕೂಲಿ ಮಾಡುವವರು ದಿನದಿನವೂ ಚೂರುಪಾರು ಉಳಿಸಲಿ ಎಂಬುದು ಅವರ ಆಸೆ. ಬ್ಯಾಂಕೆಂದರೆ ಹೆದರುವ ಕನ್ನಡಿಗರಿಗೆ ಕಂಪನಿ ಗೆಳೆಯನಂತೆ ಕಾಣಬೇಕು, ಅದಕ್ಕೊಂದು ಹೆಸರು, ಒಂದು ಮುಖ, ಎರಡು ಒಳ್ಳೆಯ ಮಾತು ಬೇಕು. ಹಿಂದೆ ನಾನಿದ್ದದ್ದು ಒಂದು ಸಹಕಾರಿ ಸಂಘದಲ್ಲಿ, ನೋಟೀಸು ಬರೆಯುವ ಕೆಲಸದಲ್ಲಿ. ಆ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಮದುವೆಯ ಹೊಸತರಲ್ಲಿ ತವರಿಗೆ ಹೋಗಿದ್ದ ವಸಂತಿಗೆ ಬರೆದ ಪ್ರೇಮಪತ್ರವನ್ನೂ "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಎಂದೇ ಆರಂಭಿಸಿದ್ದೆ. ಅವಳು ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಾಳೆ.

ಕಂಪನಿಯವರು ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ವಸಂತಿ ಮಾತ್ರ ಮೊದಲ ದಿನವೇ ನಾವಿರುವ ಸೊಸೈಟಿ ಕಟ್ಟಡದ ನಾಲ್ಕೂ ಮಹಡಿಗೆ ಪೇಡೆ ಹಂಚಿ, "ಇವರು ಬ್ರ್ಯಾಂಡಿನ ಹೆಡ್" ಎಂದು ಸಾರಿಬಿಟ್ಟಿದ್ದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಹಂಚಿದ ಪೇಡೆ ವಾಪಸು ಕೇಳುವುದು ಹೇಗೆ? ಈ ಚಿಂತೆಯಲ್ಲಿ ನನ್ನ ಮುಖ ಇನ್ನಷ್ಟು ಗಂಭೀರವಾಯಿತು.

ನನ್ನ ಮೇಲಧಿಕಾರಿ ಋತಾ ಥಾಣೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಬರೆದದ್ದನ್ನೆಲ್ಲ ಹಿಂದಿಯಲ್ಲಿ ಕೇಳಿಸಿಕೊಂಡು, "ಸರ್, ಥೋಡಾ ಫ್ರೆಂಡ್ಲಿ ಬನಾವೋ ನಾ" ಎಂದು ಬೇಡಿಕೊಳ್ಳುತ್ತಿದ್ದಳು. "ಮಾನ್ಯರೇ" ಎಂಬುದನ್ನು "ಪ್ರಿಯ ಮಾನ್ಯರೇ" ಎಂದು ಮಾಡಿದೆ. ಅವಳು ಹಣೆ ಹಿಡಿದುಕೊಂಡಳು.

ಒಂದು ಸಂಜೆ ರೈಲಿನಲ್ಲಿ ನನಗೆ ಕಾರ್ಕಳದ ಸೋದರಮಾವ ನೆನಪಾದರು. ರಜೆ ಮುಗಿಸಿ ಹೊರಟಾಗ ಬಸ್ಸಿನ ಹತ್ತಿರ ಬಂದು, ಮಡಚಿದ ನೋಟೊಂದನ್ನು ನನ್ನ ಚಡ್ಡಿಯ ಕಿಸೆಗೆ ತುರುಕಿ, "ಅಮ್ಮನಿಗೆ ಹೇಳ್ಬೇಡ ಆಯ್ತಾ, ಖರ್ಚು ಮಾಡ್ಲಿಕ್ಕಿಲ್ಲ, ಇಟ್ಟುಕೋ" ಎನ್ನುತ್ತಿದ್ದರು. ದುಡ್ಡಿನ ವಿಷಯದಲ್ಲಿ ಅವರಷ್ಟು ಸ್ನೇಹದ ಮನುಷ್ಯನನ್ನು ನಾನು ಕಂಡಿಲ್ಲ. ಕಣ್ಣು ಒದ್ದೆಯಾಯಿತು, ಹೆಸರೂ ಸಿಕ್ಕಿತು: ಮಾವ! ಕೆಳಗಿನ ಸಾಲೂ ತಾನಾಗಿ ಬಂತು: "ದಿನಕ್ಕೆ ಸ್ವಲ್ಪ ಸ್ವಲ್ಪ, ಜೀವನಪೂರ್ತಿ ಜೊತೆ." ಮರುದಿನ ಋತಾಳಿಗೆ "ತಾಯಿಯ ಅಣ್ಣ ಎಂದು ಅರ್ಥ" ಎಂದೆ. ಅವಳು ಚಪ್ಪಾಳೆ ತಟ್ಟಿ, ಕನ್ನಡ ಅಕ್ಷರದಲ್ಲೇ ಬ್ಯಾನರ್ ಮಾಡಿಸಿದಳು. ನಾನು ಅರ್ಥ ಹೇಳಿದೆ, ಹೆಸರನ್ನು ಅವಳೆದುರು ಒಮ್ಮೆಯೂ ಗಟ್ಟಿಯಾಗಿ ಉಚ್ಚರಿಸಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಭಾನುವಾರ ಬೆಳಿಗ್ಗೆ ಕಾಮೋಠೆಯಲ್ಲಿ, ಕಟ್ಟಡ ಕೆಲಸದವರ ಬಿಡಾರದ ಎದುರು ಮೇಜು ಹಾಕಿದೆವು. ಬ್ಯಾನರ್ ಕಟ್ಟಿ ಹತ್ತು ನಿಮಿಷವಾಗಿಲ್ಲ, ಉದ್ದಕ್ಕೆ ಸಾಲು ನಿಂತಿತು. ಹೆಚ್ಚಿನವರು ವಿಜಯಪುರದ ಕಡೆಯವರು. ನನಗೆ ಒಳಗೊಳಗೇ ಹೆಮ್ಮೆ. ಸಾಲಿನ ಮೊದಲಿಗೆ ಬಸಪ್ಪ ಎಂಬ ಗೌಂಡಿ.

"ಮಾವಾ ಪುಕ್ಕಟ ಐತೇನ್ರಿ?" ಎಂದ.

"ಪುಕ್ಕಟೆ ಅಲ್ಲ ಮಾರಾಯ್ರೆ. ನೀವೇ ದಿನಾ ಸ್ವಲ್ಪ ಸ್ವಲ್ಪ ಹಾಕ್ಬೇಕು," ಎಂದೆ.

"ಹಾಕ್ತೀವ್ರಿ, ದಿನಾ ಹಾಕೂದ ಐತಿ. ಸುಣ್ಣಾ ನೀವ ಹಚ್ಚತೀರೋ, ನಾವ ತರಬೇಕೋ?"

ನನಗೆ ರೇಗಿತು. ಮುಂಬಯಿಯಲ್ಲಿ ಸುಣ್ಣ ಹಚ್ಚುವುದೆಂದರೆ ಟೋಪಿ ಹಾಕುವುದು. "ನೋಡಿ, ನಮ್ಮದು ಸುಣ್ಣ ಹಚ್ಚುವ ಕಂಪನಿ ಅಲ್ಲ!" ಎಂದೆ, ಹಳೆಯ ನೋಟೀಸಿನ ದನಿಯಲ್ಲಿ.

"ಸುಣ್ಣ ಇಲ್ಲದ ಮಾವಾ ಹೆಂಗ ತಿನ್ನೂದ್ರಿ ಮತ್ತ?"

ಸಾಲಿಗೆ ಸಾಲೇ ನಕ್ಕಿತು. ಋತಾ ಗಾಬರಿಯಿಂದ ಏನೆಂದು ಕೇಳಿದಳು. ಬಸಪ್ಪನೇ ಅಂಗೈಯಲ್ಲಿ ಹೆಬ್ಬೆರಳು ತಿಕ್ಕಿ ತೋರಿಸಿ, "ಮಾವಾ, ಮ್ಯಾಡಮ್, ಮಾವಾ!" ಎಂದ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿ ಪಾನ್ ಅಂಗಡಿಯಲ್ಲಿ ಮಾರುವ ಸರಕಿಗೆ ಇಡೀ ಮಹಾರಾಷ್ಟ್ರ ಅದೇ ಹೆಸರು ಇಟ್ಟಿದೆ, ವಿಜಯಪುರವೂ. ಅಡಿಕೆ ಚೂರನ್ನೂ ಬಾಯಿಗೆ ಹಾಕದ ನಾನು ಮೂವತ್ತು ವರ್ಷ ಪಾನ್ ಅಂಗಡಿ ಕಂಡಲ್ಲೆಲ್ಲ ಮುಖ ತಿರುಗಿಸಿ ನಡೆದವನು. ತಲೆಯ ಮೇಲೆ ನಾನೇ ಕಟ್ಟಿದ ಬ್ಯಾನರ್: ದಿನಕ್ಕೆ ಸ್ವಲ್ಪ ಸ್ವಲ್ಪ, ಜೀವನಪೂರ್ತಿ ಜೊತೆ.

ಋತಾ ಕುರ್ಚಿಯಲ್ಲಿ ಕುಸಿದಳು. ಸಾಲು ಕರಗತೊಡಗಿತು. ನನಗೆ ನಾಲ್ಕು ಮಹಡಿಯ ಪೇಡೆ ಕಣ್ಣೆದುರು ಬಂತು. ಹೋಗುವವರನ್ನು ನಗುತ್ತ ಕರೆಯಬೇಕೆಂದು ಶಕ್ತಿಮೀರಿ ಪ್ರಯತ್ನಿಸಿದೆ. ಏನು ಮೂಡಿತೋ ನನಗೆ ಕಾಣಲಿಲ್ಲ, ಒಂದು ಮಗು ಮಾತ್ರ ಅತ್ತಿತು.

ಆಗ ಆ ಮಗುವನ್ನು ಎತ್ತಿಕೊಂಡಿದ್ದ ಹೆಂಗಸು, ಬಸಪ್ಪನ ಹೆಂಡತಿ ಶರಣಮ್ಮ, ಮುಂದೆ ಬಂದು ನನ್ನ ಮುಖವನ್ನೇ ದಿಟ್ಟಿಸಿದಳು.

"ನಗಬ್ಯಾಡ್ರಿ ಯಪ್ಪಾ, ಹಂಗ ಇರ್ರಿ," ಎಂದಳು. ಆಮೇಲೆ ಹೊರಟವರ ಕಡೆ ತಿರುಗಿ, "ಹ್ವಾದ ವರ್ಷ ಒಬ್ಬಾಂವ ಬಂದಿದ್ದ ನೋಡ್ರಿ, ಅಕ್ಕಾ ಅಕ್ಕಾ ಅನಕೋತ. ನಕ್ಕೋತ ಬಂದ, ನಕ್ಕೋತ ರೊಕ್ಕಾ ತಗೊಂಡ, ನಕ್ಕೋತ ಹ್ವಾದ. ಈ ಯಪ್ಪನ ಮಾರಿ ನಮ್ಮ ಸ್ವಾದರಮಾವನ ಹಂಗ ಐತಿ. ಅಂವ ಜಲ್ಮದಾಗ ನಗಲಿಲ್ಲ. ಖರೆ, ನಮ್ಮವ್ವನ ಬಂಗಾರ ಹತ್ತ ವರ್ಷ ಕಾದು, ಗುಂಜಿ ಕಮ್ಮಿ ಆಗದಂಗ ತಿರುಗಿ ಕೊಟ್ಟ. ಮೊದಲ ನನ್ನ ಹೆಸರ ಬರಕೋರಿ," ಎಂದಳು.

ಋತಾಳಿಗೆ ಇದನ್ನು ಬೇಕೆಂದೇ ಎರಡು ಸಲ ಅನುವಾದಿಸಿ ಹೇಳಿದೆ. ಐವತ್ತನಾಲ್ಕು ವರ್ಷ ಹೊತ್ತು ತಿರುಗಿದ ಮುಖವನ್ನು ಒಬ್ಬರು ಮೊದಲ ಸಲ ಒಳ್ಳೆಯದೆಂದಿದ್ದರು. ಶರಣಮ್ಮನ ಹಿಂದೆ ಬಸಪ್ಪ, ಅವನ ಹಿಂದೆ ಉಳಿದವರು. ಮಧ್ಯಾಹ್ನದ ಹೊತ್ತಿಗೆ ಫಾರ್ಮುಗಳು ಮುಗಿದವು.

ಹೊಸ ಬ್ಯಾನರಿಗೆ ನನ್ನ ಮುಖವನ್ನೇ ಹಾಕಿದರು. ತಂಬಾಕಿನ ಗೊಂದಲ ಬೇಡವೆಂದು ಹೆಸರನ್ನು "ನಗದು ಮಾವ" ಎಂದು ತಿದ್ದಿಕೊಟ್ಟೆ. ಛಾಪಿಸಿದವನಿಗೆ ಕನ್ನಡ ಬಾರದು, ಒಂದು ಕೊಂಬು ಬಿಟ್ಟ. "ನಗದ ಮಾವ" ಎಂದು ಅಚ್ಚಾಯಿತು. ನೋಟೀಸಿನ ತಪ್ಪು ತಿದ್ದುವುದೇ ಕಸುಬಾಗಿದ್ದ ನಾನು ಕೂಡಲೇ ಹಿಡಿದೆ. ವಸಂತಿ ಬ್ಯಾನರಿನ ಫೋಟೋ ನೋಡಿ, "ಎಂತ ತಪ್ಪು ಮಾರಾಯ್ರೆ? ಸರಿಯಾಗಿಯೇ ಉಂಟಲ್ಲ!" ಎಂದು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಕ್ಕಳು.

ಕೆಲಸ ಕಾಯಂ ಆದ ಪತ್ರ ಕೈಗೆ ಬಂದ ದಿನ ನನಗೂ ನಗು ಬಂದೇಬಿಟ್ಟಿತು, ಹಲ್ಲು ಕಾಣುವಷ್ಟು. ಋತಾ ಓಡಿ ಬಂದು ಕೈಮುಗಿದು ಹಿಂದಿಯಲ್ಲೇ ಬೇಡಿಕೊಂಡಳು. "ಸರ್, ಪ್ಲೀಸ್, ಹೊರಗೆ ಹೀಗೆ ನಗಬೇಡಿ. ಬ್ರ್ಯಾಂಡಿನ ಪ್ರಶ್ನೆ."

ಆ ಸಂಜೆ ಥಾಣೆಯ ಲೋಕಲಿನಲ್ಲಿ ನೆಮ್ಮದಿಯಾಗಿ ಕಾಲು ಚಾಚಿ ಕುಳಿತಿದ್ದೆ. ಸಿಮೆಂಟು ಮೆತ್ತಿದ ಅಂಗಿಯವನೊಬ್ಬ ನನ್ನನ್ನೇ ನೋಡುತ್ತ ಬಂದ. ಗುರುತು ಹಿಡಿದ ಖುಷಿ ಅವನ ಮುಖದ ತುಂಬ. "ಮಾವಾರ, ಒಂಚೂರ ಸರೀರಿ," ಎಂದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅಂಚಿಗೆ ಸರಿದೆ. ಅವನು ಆರಾಮವಾಗಿ ಕುಳಿತ, ನಾನು ಅರ್ಧ ಗಾಳಿಯಲ್ಲಿ. ಹೊಟ್ಟೆಯಿಂದ ನಗು ಉಕ್ಕಿ ಬಂತು. ಕಂಪನಿಯ ಮರ್ಯಾದೆ ನೆನಪಾಗಿ, ಥಾಣೆ ಬರುವವರೆಗೂ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ.