ರಾಜನ ಬಾಣಂತನ

ಗಂಡು ಬೆಕ್ಕಿನ ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಬಸವನ ಬಾಗೇವಾಡಿಯ ದನದ ದವಾಖಾನೆಯ ಕಂಪೌಂಡರ್ ಕಾಕಾ. ಅವರು ಹೇಳುವಷ್ಟರಲ್ಲಿ ನಮ್ಮ ಮನೆಯಲ್ಲಿ ಅದು ಆಗಿಹೋಗಿತ್ತು. ಬೆಕ್ಕು ಸಾಕಿದ ಮನೆಗಳಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗ ನಗು ಬರುವುದಿಲ್ಲ. ಆಮೇಲೆ ಬಂದರೆ, ನಕ್ಕಿದ್ದು ಸರಿಯೆನಿಸುವುದಿಲ್ಲ.

೧. ಬೆಚ್ಚಗಿನ ಕೋಣೆ

ತೊಂಬತ್ತರ ದಶಕದ ಕೊನೆ. ನಾನು ಹೂವಿನ ಹಿಪ್ಪರಗಿಯ ಹೈಸ್ಕೂಲಿಗೆ ಕಲಿಸಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಗಲು ಮನೆಯಲ್ಲಿರುತ್ತಿದ್ದವರು ಇಬ್ಬರೇ: ಗಂಡ ತೀರಿಕೊಂಡು ವರ್ಷವಾಗಿದ್ದ ನಮ್ಮ ಅತ್ತೆ, ಮತ್ತು ರಾಜ ಎಂಬ ಬೆಕ್ಕು. ರಾಜ ದೇವರ ಮನೆಯ ಬಾಗಿಲಿಗೇ ಉಚ್ಚೆ ಸಿಡಿಸತೊಡಗಿದಾಗ ಅತ್ತೆಯೇ ಅಂದರು, "ಎತ್ತಿಗೆ ಬೀಜ ತೆಗಸ್ತಾರಲ್ಲ, ಇದಕ್ಕೂ ತೆಗಿಸ್ಕೊಂಡು ಬಾ."

ದನದ ದವಾಖಾನೆಯಲ್ಲಿ ತೆಗೆಸಿ, ಚೀಲದಲ್ಲಿ ಹಾಕಿಕೊಂಡು ಬಂದೆ. ಅದು ಮತ್ತಿನಲ್ಲಿ ತೂರಾಡುವುದನ್ನು ನೋಡಿ ಅತ್ತೆಯ ಮುಖ ಸಣ್ಣದಾಯಿತು. ಮರುದಿನ ಸಂಜೆ ಬಂದು ನೋಡಿದರೆ, ನನ್ನ ಎರಡನೇ ಬಾಣಂತನವಾದ ಕೋಣೆಯ ಕಿಟಕಿಗೆ ಚಾದರ ಬಿದ್ದಿದೆ, ಒಳಗೆ ಲೋಬಾನದ ಹೊಗೆ, ಮೂಲೆಯಲ್ಲಿ ರಾಜ. ತಲೆಗೆ ಕಟ್ಟಿದ್ದ ಬಟ್ಟೆ ಒಂದು ಕಿವಿಯಿಂದ ಜೋತಿತ್ತು.

"ಅತ್ತೀ, ಇದು ಗಂಡು ಐತ್ರಿ."

"ಕೊಯ್ದಾರಿಲ್ಲೋ? ಗಂಡು ಅಂದ್ರ ಥಂಡಿ ಬಿಡ್ತದೇನು?"

ಗಾಯಕ್ಕೆ ಅರಿಶಿಣ, ಊಟಕ್ಕೆ ತುಪ್ಪ ಹಾಕಿದ ಗೋಧಿ ರವೆಯ ಸಜ್ಜಕ. ಐದನೆಯ ದಿನ ಖಾಲಿ ತಟ್ಟೆ ಎತ್ತಿಕೊಳ್ಳುತ್ತ ಅಂದರು, "ನೀ ಒಂದಿನಾನೂ ಹಿಂಗ ಮಾತು ಕೇಳಿ ಉಣ್ಣಲಿಲ್ಲ ನೋಡು."

೨. ಮಾವನವರ ಎಕ್ಸ್‌-ರೇ

ರಾಜ ತಟ್ಟೆಯ ಜೊತೆ ಗಾಯವನ್ನೂ ನೆಕ್ಕುತ್ತಿತ್ತು. ಅದು ಕೀವು ತುಂಬಿ ಇಂಡಿ ಊರಿನ ನಿಂಬೆಹಣ್ಣಿನಷ್ಟು ಬಾತುಕೊಂಡಿತು. ಪಕ್ಕದ ಮನೆಯ ವೈನಿ ಬಗ್ಗಿ ನೋಡಿ, "ತೆಗಿಸಿಕೊಂಡು ಬಂದೀರೋ, ಹೊಸಾವು ಹಾಕಿಸಿಕೊಂಡು ಬಂದೀರೋ?" ಅಂದರು.

ಡಾಕ್ಟರು ಕೀವು ತೆಗೆದು ಸೂಜಿ ಚುಚ್ಚಿದರು. ನಾಲಿಗೆ ಅಲ್ಲಿಗೆ ಮುಟ್ಟಬಾರದು, ಕುತ್ತಿಗೆಗೆ ಏನಾದರೂ ಗಟ್ಟಿಯಾದದ್ದು ಸುತ್ತಿ ಅಂದರು. ನಾನು ರಟ್ಟು ಹುಡುಕುತ್ತಿದ್ದೆ. ಅತ್ತೆ ಕಪಾಟಿನಿಂದ ಮಾವನವರ ಎದೆಯ ಎಕ್ಸ್‌-ರೇ ತಂದುಕೊಟ್ಟರು. "ಇದರ ಕೆಲಸ ಮುಗದೈತಿ. ಕತ್ತರಸು."

ನಾನು ಹೆಸರಿದ್ದ ಅಂಚು ಬಿಟ್ಟು ಕತ್ತರಿಸಿದೆ. ಅತ್ತೆಯೇ ಸುತ್ತಿ ಹೊಲಿದರು. ರಾಜ ಮಾವನವರ ಪಕ್ಕೆಲುಬು ಹೊತ್ತು, ಹೊಸ್ತಿಲಿಗೆಲ್ಲ ಬಡಿದುಕೊಳ್ಳುತ್ತ ಹೋಗಿ ಒಲೆಯ ಮುಂದೆ ಕೂತಿತು. ಅತ್ತೆ ಅದನ್ನು ನೋಡಿ ಅಂದರು,

"ಇದ್ದಾಗ ಒಂದಿನಾರೆ ಅಡಗಿ ಮನಿಗೆ ಬಂದ್ರೇನು? ಈಗ ನೋಡು, ಒಲಿ ಬಿಟ್ಟು ಏಳವಲ್ರು."

೩. ಸೂತಕ

ಗಾಯ ಮಾಯಿತು, ಸಜ್ಜಕ ನಿಲ್ಲಲಿಲ್ಲ. ರಾಜ ಮೈ ಬಂದು ಕೂತಲ್ಲೇ ಕೂರತೊಡಗಿತು. ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಹಿತ್ತಲ ಬೂದಿಯಲ್ಲಿ ಕೂತು ತಿಣುಕಿತು, ಎದ್ದಿತು, ಮತ್ತೆ ಕೂತಿತು. "ಹೊಟ್ಟಿ ಕಟ್ಟೈತಿ," ಅಂದ ಅತ್ತೆ ಔಡಲೆಣ್ಣೆ ತಂದರು. ಬಿ.ಎಸ್ಸಿ. ಓದಿದ ನಾನು ಅದರ ಬಾಯಿ ಹಿಡಿದೆ.

ಮರುದಿನ ವಾಂತಿ ಮಾಡಿಕೊಂಡಿತು. ಮೂರನೆಯ ದಿನ ದವಾಖಾನೆಗೆ ಒಯ್ದಾಗ ಕಂಪೌಂಡರ್ ಕಾಕಾ ಹೊಟ್ಟೆ ಮುಟ್ಟಿ ನೋಡಿದರು.

"ಹೊಟ್ಟಿ ಅಲ್ರೀ ಬಾಯಾರ, ಉಚ್ಚಿ ಕಟ್ಟೈತಿ. ಗಂಡಿನ ಹಾದಿ ಸಣ್ಣದು. ಬೀಜ ತೆಗದ ಮ್ಯಾಲೆ ಮೈ ಬಿಟ್ಟು ಕುಂತಾವಂದ್ರ, ನೀರು ಕಡಿಮಿ ಕುಡದ್ವಂದ್ರ, ಹಿಂಗಾಗೂದು ಐತಿ. ಅವತ್ತ ತಂದಿದ್ರ ನಳಿಗಿ ಹಾಕಿ ಬಿಡಿಸ್ತಿದ್ರು."

ಡಾಕ್ಟರು ಬಂದು ನೋಡುವಷ್ಟರಲ್ಲಿ ಅದು ನನ್ನ ಮಡಿಲಲ್ಲೇ ಹೋಯಿತು. ಅತ್ತೆ ನುಗ್ಗೆ ಗಿಡದ ಬುಡದಲ್ಲಿ ಹೂಳಿಸಿದರು. ಮೂರು ದಿನ ದೇವರ ಪೂಜೆ ಮಾಡಲಿಲ್ಲ, ಸಾರಿಗೆ ಒಗ್ಗರಣೆ ಹಾಕಲಿಲ್ಲ.

"ಬೆಕ್ಕಿಗೂ ಸೂತಕ ಹಿಡೀತಾರೇನ್ರಿ ಅತ್ಯಾ?" ಅಂದರು ವೈನಿ.

"ಬಾಣಂತನ ಮಾಡುಮುಂದ ಕೇಳಲಿಲ್ಲ, ಈಗ ಕೇಳಾಕ ಬಂದಿ?"

ಔಡಲೆಣ್ಣೆಯ ಬಾಟಲಿ ಆಮೇಲೆ ನಮ್ಮ ಮನೆಯಲ್ಲಿ ಕಾಣಲಿಲ್ಲ.

೪. ಗಂಡಿನ ಮನೆ ನೋಡಿದ್ದು

ಮರುವರ್ಷ ನಾದಿನಿಯ ಮಗಳಿಗೆ ಸಿಂದಗಿಯ ಸಂಬಂಧ ಬಂತು. ಹುಡುಗಿ ಒಪ್ಪಿಗೆಯಾಗಿತ್ತು, ಗಂಡಿನ ಮನೆ ನೋಡಲು ನಾವು ಹೆಣ್ಣಿನ ಕಡೆಯವರು ಹೋದೆವು. ಅತ್ತೆ ಗಂಡಸರ ಎದುರು ಎತ್ತಿದ ದನಿಯಲ್ಲಿ ಮಾತಾಡಿದವರಲ್ಲ. ಸೆರಗು ಹೊದ್ದು, ಒಗ್ಗರಣೆ ಚುರುಮುರಿಯ ಸೂಸಲ ಮುಟ್ಟದೆ ತಟ್ಟೆ ಹಿಡಿದು ಕೂತಿದ್ದರು. ಹುಡುಗನ ತಂದೆ, ನಿವೃತ್ತ ಹೆಡ್‌ಮಾಸ್ತರರು, ಮನೆಗೆ ಎಷ್ಟು ಖೋಲಿ ಅಂತ ವಿವರಿಸುತ್ತಿದ್ದರು. ಅಂಗಳದ ಮೂಲೆಯಲ್ಲಿ ಒಂದು ಬೆಕ್ಕು ಕೂತಿತ್ತು, ಎದ್ದಿತು, ಮತ್ತೆ ಕೂತಿತು.

"ಯಜಮಾನ್ರ," ಅತ್ತೆ ಅಂದರು, "ಬೆಕ್ಕು ಗಂಡೇನ್ರಿ?"

"ಹೌದ್ರಿ."

"ಬೀಜ ತೆಗಿಸೀರೇನು?"

ನಾದಿನಿ ತಾಯಿಯ ಸೆರಗು ಜಗ್ಗಿದಳು. ಹೆಡ್‌ಮಾಸ್ತರರು ಗೋಡೆ ನೋಡುತ್ತ, "ತೆಗಿಸೀವ್ರಿ," ಅಂದರು.

"ಇವತ್ತ ಉಚ್ಚಿ ಹೊಯ್ದೈತೇನ್ರಿ?"

ಮದುವೆ ಗಂಡು ತಲೆ ತಗ್ಗಿಸಿದ. ಕೊನೆಗೆ ಹೆಡ್‌ಮಾಸ್ತರರೇ, "ಹೊಟ್ಟಿ ಕಟ್ಟೈತ್ರಿ. ಮುಂಜಾನಿ ಔಡಲೆಣ್ಣಿ ಕುಡಿಸೀವಿ," ಅಂದರು.

ಅತ್ತೆ ಎದ್ದುನಿಂತರು. "ನಾನೂ ಹಂಗ ಕುಡಿಸಿದ್ನಿ," ಅಂದರು. ಮದುವೆ ಗಂಡಿಗೆ ಕೈಯಿಂದಲೇ ಏಳು ಅಂತ ತೋರಿಸಿದರು.

ಅವನ ಸ್ಕೂಟರಿನ ಹಿಂದೆ ಮಡಿಲಲ್ಲಿ ಬೆಕ್ಕಿಟ್ಟುಕೊಂಡು ಅತ್ತೆ ದವಾಖಾನೆಗೆ ಹೋದರು. ನಾವು ಹೊತ್ತು ಮುಳುಗುವತನಕ ಕೂತೆವು. ಹೆಡ್‌ಮಾಸ್ತರರು ಖೋಲಿಗಳನ್ನು ಎರಡು ಸಲ ತೋರಿಸಿದರು. ದವಾಖಾನೆಯವರು ನಳಿಕೆ ಹಾಕಿ ಬೆಕ್ಕನ್ನು ಉಳಿಸಿದರು. ಸಂಬಂಧ ಉಳಿಯಲಿಲ್ಲ. ಹುಡುಗಿಯ ಅಜ್ಜಿಯ ಬಾಯಿ ಜೋರು ಅಂತ ಗಂಡಿನವರು ಹೇಳಿಕಳಿಸಿದರು. ನಾದಿನಿ ಅತ್ತಳು, ತಾಯಿಯ ಜೊತೆ ಮಾತು ಬಿಟ್ಟಳು. ಅತ್ತೆ ನನಗೆ ಮಾತ್ರ ಅಂದರು, "ಗಂಡು ಇನ್ನೊಂದು ಸಿಗ್ತದ ಬಿಡು. ಅವನಕಿಂತ ಆ ಬೆಕ್ಕ ಚಲೋ ಇತ್ತು."

ನಿಮಗೆ ಗೊತ್ತಿದ್ದವರ ಮನೆಯಲ್ಲಿ ಗಂಡು ಬೆಕ್ಕಿದ್ದರೆ ಇಷ್ಟು ಹೇಳಿ: ಕೂತು ತಿಣುಕಿ ಉಚ್ಚೆ ಬರದಿದ್ದರೆ ಎಣ್ಣೆ ಬೇಡ, ಅವತ್ತೇ ದವಾಖಾನೆ. ಹೇಳಲು ನಾಚಿಕೆಯಾದರೆ ನಮ್ಮ ಅತ್ತೆ ಹೇಳಿದರು ಅನ್ನಿ. ಬೀಗರಾಗುವವರ ಮುಂದೆಯೇ ಕೇಳಿದವರು ಅವರು. ಇನ್ನು ಯಾರು ಏನೆಂದರೂ ಅವರಿಗೆ ನಡೆಯುತ್ತದೆ.