ನನ್ನ ತಂಬಿಗೆ ಮಾಡಿದ ಅವಸರ

ತಪ್ಪು ಮಾಡಿದವನಿಗೆ ಕೂಡಲೇ ನಾಚಿಕೆಯಾಗುತ್ತದೆ ಎನ್ನುವುದು ಶುದ್ಧ ಸುಳ್ಳು. ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಹಸಿವು, ಊಟವಾದ ಮೇಲೆ ಸೊಗಸಾದ ನಿದ್ದೆ. ನಾಚಿಕೆ ಬಂದದ್ದು ವಾರ ಕಳೆದ ಮೇಲೆ. ಹಾಗೆ ಬಂದದ್ದು, ನಮ್ಮ ಗದ್ವಾಲದ ಸೋದರಮಾವನಂತೆ, ಹೋಗುವ ಮಾತೇ ಎತ್ತಲಿಲ್ಲ.

ಆಗ ನಾನು ನಾರಾಯಣಪೇಟೆಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ಒಂದು ವರ್ಷವಾಗಿತ್ತು. ಅಲ್ಲಿಯವರೆಗೆ ಉರ್ದುವಿನಲ್ಲಿ ಹೇಳುತ್ತಿದ್ದ ಪಾಠವನ್ನು ಇನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ಯಾರಿಗೂ ತಿಳಿಯದೆ, ನಾನು ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಬಡಿಸುತ್ತಿದ್ದೆ. ಸರ್ಕಾರ ಬದಲಾದ ಮೇಲೆ ನಮ್ಮ ಮನೆಯಲ್ಲಿ ಆದ ದೊಡ್ಡ ಕ್ರಾಂತಿಯೆಂದರೆ ನೀರಿನದು. "ಇಷ್ಟ ದಿನ ಅಂಜಿಕೊಂಡು ಆ ಸಾಲಿ ಗಡಿಗಿ ನೀರು ಕುಡದದ್ದು ಸಾಕಪ್ಪಾ. ಇನ್ನ ನಮ್ಮ ನೀರು ನಾವ ಒಯ್ಯೋದು," ಎಂದು ಅವ್ವ ಅಪ್ಪಣೆ ಕೊಡಿಸಿದಳು. ಆ ಗಡಿಗೆಗೆ ನೀರು ತುಂಬುತ್ತಿದ್ದವರು ಶಾಲೆಯ ಚಪ್ರಾಸಿ ಖಾಸಿಂಸಾಬರು. ಅಂದಿನಿಂದ ಹುಣಿಸೆಹುಳಿ ಹಚ್ಚಿ ಫಳಫಳ ತಿಕ್ಕಿದ ತಾಮ್ರದ ತಂಬಿಗೆ ನನ್ನ ಕೈಯಲ್ಲಿ ಶಾಲೆಗೆ ಬರತೊಡಗಿತು. ದೇಶಕ್ಕೆ ಏನೇನು ಸ್ವಾತಂತ್ರ್ಯ ಬಂತೋ, ನನ್ನ ಮಡಿಗಂತೂ ಬಂತು.

ಇಂಥ ಹೊತ್ತಿನಲ್ಲಿ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಅವರಿಗೆ ತೋರಿಸಲು ನಾನು ಅಯೊಡಿನ್ ಆಟ ಆರಿಸಿಕೊಂಡೆ. ಆಟ ಸುಲಭ. ಒಂದು ಗ್ಲಾಸಿನ ನೀರಿನಲ್ಲಿ ಪೊಟ್ಯಾಸಿಯಂ ಅಯೊಡೈಡ್, ತುಸು ಹೈಪೊ, ತುಸು ಗಂಜಿ. ಇನ್ನೊಂದರಲ್ಲಿ ಪರ್‌ಸಲ್ಫೇಟ್. ಎರಡನ್ನೂ ಕೂಡಿಸಿದರೆ ಅಯೊಡೈಡಿನಿಂದ ಅಯೊಡಿನ್ ಸಾವಕಾಶವಾಗಿ ಹುಟ್ಟುತ್ತದೆ, ಹುಟ್ಟಿದಷ್ಟನ್ನೂ ಹೈಪೊ ನುಂಗುತ್ತದೆ. ಹೈಪೊ ಮುಗಿದ ಕ್ಷಣ ಅಯೊಡಿನ್ ಗಂಜಿಗೆ ಸಿಕ್ಕಿ ಇಡೀ ಗ್ಲಾಸು ಕಡುನೀಲಿ. ಇದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷ ತುಂಬಿಸಲು ನಾನು ಹದಿನೈದು ದಿನ ಕೂತು ಒಂದು ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿದ್ದೆ; ಆಟವನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಆಟ ಇದ್ದದ್ದೇ ಭಾಷಣಕ್ಕಾಗಿ.

ಆ ದಿನ ಖಾಸಿಂಸಾಬರು ಗ್ಲಾಸು ತೊಳೆಯಲು ಬಂದರೆ ನಾನು ಬಿಡಲಿಲ್ಲ. ಶುಭಕಾರ್ಯ ನೋಡಿ! ತಂಬಿಗೆಯ ನೀರಿನಲ್ಲಿ ನಾನೇ ತೊಳೆದೆ, ಅದೇ ನೀರಿನಲ್ಲಿ ರಾಸಾಯನಿಕಗಳನ್ನೂ ಕರಗಿಸಿದೆ. ಕುಡಿಯದ ನೀರಿಗೂ ಮಡಿ ಮಾಡಿದ ವಿಜ್ಞಾನದ ಮಾಸ್ತರ ಇಡೀ ಸಂಸ್ಥಾನದಲ್ಲಿ ನಾನೊಬ್ಬನೇ ಇದ್ದಿರಬೇಕು. ಇನ್ಸ್‌ಪೆಕ್ಟರರು ಬಂದರು, ಹೆಡ್ ಮಾಸ್ತರರು ಪಕ್ಕದಲ್ಲಿ ಕೈಕಟ್ಟಿ ನಿಂತರು. ಐದು ನಿಮಿಷಕ್ಕೆ ನೀಲಿಯಾಗುತ್ತದೆಂದು ಮೊದಲೇ ಸಾರಿ, ನಾನು ಎರಡೂ ಗ್ಲಾಸು ಕೂಡಿಸಿ, ಗಂಟಲು ಸರಿಮಾಡಿಕೊಂಡು "ರೆಸ್ಪೆಕ್ಟೆಡ್ ಸರ್" ಎಂದೆ. ಗ್ಲಾಸು ನೀಲಿಯಾಯಿತು. ಹುಡುಗರು ಗೊಳ್ಳೆಂದು ನಕ್ಕರು. ಸಾಹೇಬರು ಗಡಿಯಾರ ನೋಡಿ, "ಐದು ನಿಮಿಷ ಇಷ್ಟು ಬೇಗ ಮುಗಿಯಿತೇ?" ಎಂದರು.

ಮುಖ ಉಳಿಸಿಕೊಳ್ಳಲು ಮನುಷ್ಯ ಏನೇನು ಆಡುತ್ತಾನೆ! "ಯಾರೋ ಸೀಸೆಯಲ್ಲಿ ಏನೋ ಬೆರೆಸಿದ್ದಾರೆ ಸಾರ್, ಬೀರುವಿನ ಕೀಲಿ ಚಪ್ರಾಸಿ ಹತ್ತಿರ ಇರುತ್ತದೆ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಹೊಸ ಸರ್ಕಾರದ ಶಾಲೆ ನಡೆಯುವುದು ಇವರಿಗೆ ಬೇಕಾಗಿಲ್ಲ," ಎಂದೂ ಸೇರಿಸಿದೆ. "ನಾ ಮುಟ್ಟೇ ಇಲ್ರೀ ಸಾಬ್," ಎಂದು ಖಾಸಿಂಸಾಬರು ಬಾಯಿ ತೆರೆದರೆ, ನನ್ನ ತಂದೆಯ ವಯಸ್ಸಿನ ಅವರನ್ನು "ಬಾಯಿ ಮುಚ್ಚು" ಎಂದು ಗದರಿಸಿದೆ. ಆ ವರ್ಷ, ಆ ಹೆಸರಿನ ಮನುಷ್ಯನ ಮೇಲೆ ಅಂಥದೊಂದು ಮಾತು ಬಿದ್ದರೆ ಸಾಕಿತ್ತು, ಸಾಕ್ಷಿ ಬೇಕಿರಲಿಲ್ಲ. ಸಂಜೆಯೊಳಗೆ ಅವರು ಮುಅತ್ತಲ್ ಆದರು. ಸಂಬಳ ನಿಂತಿತು, ವಿಚಾರಣೆಯಾಗುವವರೆಗೆ ಶಾಲೆಗೆ ಕಾಲಿಡಕೂಡದೆಂದು ಹುಕುಂ ಆಯಿತು.

ವಾರದ ಮೇಲೆ ಅವರು ನಮ್ಮ ಮನೆಗೆ ಬಂದರು. ಬಯ್ಯಲು ಬಂದರೆಂದು ನಾನು ಒಳಗೇ ಅವಿತು ಕೂತೆ. ಅವ್ವನೇ "ಅವ ನಿಂತು ಭಾಳ ಹೊತ್ತಾತು, ಹೋಗಿ ಮಾತಾಡಿಸು," ಎಂದು ಹೊರದಬ್ಬಿದಳು. ಅವರು ಕಟ್ಟೆ ಹತ್ತದೆ ಕೆಳಗೇ ನಿಂತಿದ್ದರು.

"ಮಾಸ್ತರ್ರೀ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹದಿನೈದು ವರ್ಷ ಆ ಗ್ಲಾಸ್ ತೊಳದೀನಿ. ಮೊದಲಿನ ಮಾಸ್ತರ್ರು ಈ ಆಟ ಮಾಡಿದಾಗೆಲ್ಲಾ ನೀಲಿ ಆಗಾಕ ಹೊತ್ತು ಹಿಡೀತಿತ್ರಿ. ಅವ್ರು ನನ್ನ ಗಡಿಗಿ ನೀರು ಹಾಕ್ತಿದ್ರು. ನೀವು ತಾಮ್ರದ ತಂಬಿಗಿ ನೀರು ಹಾಕಿದ್ರಿ. ಫರಕ್ ಅಷ್ಟ ಐತ್ರಿ. ಒಮ್ಮೆ ನನ್ನ ನೀರು ಹಾಕಿ ನೋಡ್ರಿ, ನನ್ನ ನೌಕರಿ ಉಳೀತೈತಿ."

"ನನಗೇ ಪಾಠ ಹೇಳಾಕ ಬಂದೀ ಏನು?" ಎಂದು ಕಳಿಸಿಬಿಟ್ಟೆ. ಆದರೂ ಮರುದಿನ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಜೊತೆ ಗ್ಲಾಸು ಇಟ್ಟೆ. ಸೀಸೆಗಳು ಅವೇ. ತಂಬಿಗೆಯ ನೀರಿನದು ನೋಡನೋಡುತ್ತ ನೀಲಿಯಾಯಿತು. ಗಡಿಗೆಯ ನೀರಿನದು ತಿಳಿಯಾಗಿಯೇ ನಿಂತಿತ್ತು. ಒಂದು ನಿಮಿಷ, ಎರಡು, ಮೂರು. ನೀಲಿಯಾಗು, ಈಗಲೇ ಆಗಿಬಿಡು ಎಂದು ನಾನು ಮನೆದೇವರಿಗೆಲ್ಲ ಹರಕೆ ಹೊತ್ತೆ. ಅದು ತನ್ನ ಐದು ನಿಮಿಷ ಪೂರ್ತಿ ತೆಗೆದುಕೊಂಡಿತು.

ತಾಮ್ರ, ಕಬ್ಬಿಣಗಳ ಅಂಶ ಲವಲೇಶ ಬೆರೆತರೂ ಈ ಕ್ರಿಯೆ ಓಟ ಕೀಳುತ್ತದೆಂದು ನನ್ನ ಪುಸ್ತಕದಲ್ಲೇ ಇತ್ತು. ಹುಳಿ ಹಚ್ಚಿ ತಿಕ್ಕಿ, ಅವಸರದಲ್ಲಿ ಅರ್ಧಂಬರ್ಧ ತೊಳೆದ ತಂಬಿಗೆ ನೀರಿಗೆ ತಾಮ್ರ ಬಿಡದೆ ಇನ್ನೇನು ಬಿಟ್ಟೀತು? ವೇಗವರ್ಧಕವು ಕ್ರಿಯೆಯನ್ನು ಓಡಿಸಿ, ತಾನು ಮಾತ್ರ ಏನನ್ನೂ ಕಳೆದುಕೊಳ್ಳುವುದಿಲ್ಲ ಎಂದು ನಾನೇ ಹುಡುಗರಿಗೆ ಬರೆಸಿದ್ದೆ. ಹಾಗಾದರೆ ಆ ದಿನ ನಾನೂ ಅದೇ ಆಗಿದ್ದೆ. ಇನ್ನೊಬ್ಬರ ಅನ್ನ ಹೋಯಿತು, ನನ್ನ ಕೂದಲೂ ಕೊಂಕಲಿಲ್ಲ. ನಾಚಿಕೆ ನನ್ನನ್ನು ಹಿಡಿದದ್ದು ಆಗ.

ಸಾಹೇಬರಿಗೆ ಪತ್ರ ಬರೆದೆ. ಚಪ್ರಾಸಿಯ ತಪ್ಪಿಲ್ಲ, ನೀರಿನಲ್ಲಿ ತಾಮ್ರವಿತ್ತು ಎಂದು ಬರೆದೆ. ಆ ನೀರು ಯಾರ ತಂಬಿಗೆಯದು, ಇದನ್ನು ಕಂಡುಹಿಡಿದವರು ಯಾರು ಎಂಬಲ್ಲಿಗೆ ಬಂದಾಗ ಹಾಳೆಯಲ್ಲಿ ಜಾಗ ಸಾಲಲಿಲ್ಲ. ಹಾಳೆಯ ಹಿಂಬದಿ ಖಾಲಿಯೇ ಇತ್ತು ಅನ್ನಿ.

ಸಾಹೇಬರಿಂದ ಹೆಡ್ ಮಾಸ್ತರರಿಗೆ ಹುಕುಂ ಬಂತು, ಖಾಸಿಂಸಾಬರು ಕೆಲಸಕ್ಕೆ ಬಂದರು. ನನ್ನ ಪತ್ರಕ್ಕೆ ಉತ್ತರ ಆಮೇಲೆ ಬಂತು; ಟಪಾಲಿನಿಂದ ಆ ಲಕೋಟೆ ತಂದು ನನ್ನ ಕೈಗಿತ್ತವರೂ ಅವರೇ. ಇಂಗ್ಲಿಷಿನ ಕಾಗದ, ಅವರಿಗೆ ಬರುತ್ತಿದ್ದದ್ದು ಉರ್ದು. "ಏನ್ ಬರದಾರ್ರೀ ಸಾಹೇಬ್ರು?" ಎಂದು ಕೇಳಿದರು. ಚಪ್ರಾಸಿಯನ್ನು ವಾಪಸು ತೆಗೆದುಕೊಳ್ಳಲು ಹುಕುಂ ಕಳಿಸಿದ್ದೇವೆ ಎಂದು ಒಂದು ಸಾಲಿತ್ತು. ಉಳಿದ ಪುಟವೆಲ್ಲ ನನ್ನ ಸೂಕ್ಷ್ಮದೃಷ್ಟಿಯ ಹೊಗಳಿಕೆ. ನನ್ನ ಹೆಸರಿದ್ದ ಕಡೆಯೆಲ್ಲ ಅವರ ಹೆಸರು ಹಾಕಿ ಓದಿ ಹೇಳಿದೆ. ಪ್ರಾಮಾಣಿಕತೆ ನನಗೆ ಬಾಯಲ್ಲಿ ಅಷ್ಟಾದರೂ ಬಂತು. ಅವರ ಕಣ್ಣು ತುಂಬಿ ಬಂತು. ಕಾಗದವನ್ನು ಕಣ್ಣಿಗೊತ್ತಿಕೊಂಡು, "ಹಂಗಾದ್ರ ಇದನ್ನ ಹೆಡ್ ಮಾಸ್ತರ್ರ ಮುಂದ, ಹುಡುಗ್ರ ಮುಂದ ಒಮ್ಮೆ ಓದ್ರಿ ಮಾಸ್ತರ್ರೀ. ಆ ದಿನಾನೂ ಎಲ್ಲಾರ ಮುಂದ ಅಂದಿದ್ರಲ್ಲಾ," ಎಂದರು.

ಹೆಡ್ ಮಾಸ್ತರರಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. "ನಾಳೆ ಓದೋಣು," ಎಂದು ಕಾಗದ ಮಡಿಸಿ ಜೇಬಿಗಿಟ್ಟೆ. ಕೆಲವು ದಿನ ಖಾಸಿಂಸಾಬರು ಬೆಳಗ್ಗೆ ಬಂದು ಮುಖ ನೋಡಿ ನಿಲ್ಲುತ್ತಿದ್ದರು. ಆಮೇಲೆ ನಿಲ್ಲುವುದನ್ನು ಬಿಟ್ಟರು. ಈಗ ಹೆಡ್ ಮಾಸ್ತರರಿಲ್ಲ, ಖಾಸಿಂಸಾಬರೂ ಇಲ್ಲ. ಕೇಳಬೇಕಾದವರು ಒಬ್ಬರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಇವತ್ತು ಧೈರ್ಯವಾಗಿ ಎಲ್ಲರ ಮುಂದೆ ಓದುತ್ತಿದ್ದೇನೆ.